ಮಾಳಿಗೆಯಿಂದ ಕಂಡ ಕಣ

"ಹಳ್ಳದ ಕಡಿ ಹೊರಳಸ್ರೋ!"

ಬಂಡೆಪ್ಪ ಕೂಗಿದ್ದಕ್ಕೆ ಹೆಣದ ವಿಮಾನ ಹೊತ್ತ ನಾಲ್ವರೂ ಗಕ್ಕನೆ ನಿಂತರು. ಬಿದಿರಿನ ವಿಮಾನದಲ್ಲಿ ಕೂರಿಸಿದ್ದ ಅವನ ಅಕ್ಕ ಗುರಮ್ಮನ ತಲೆ ಒಮ್ಮೆ ತೂಗಿ ನಿಂತಿತು. ಇಪ್ಪತ್ತು ಮಾರು ಮುಂದೆ ಕಣ. ಕಣದಾಚೆಯ ಹೊಲದಲ್ಲೇ ಅವಳಿಗಾಗಿ ತೋಡಿದ ಕುಣಿ. ೧೯೩೩ರ ಆ ಸುಗ್ಗಿಯಲ್ಲಿ ಹನ್ನೂರಿನ ಮೇಲೆ ಅಕಾಲದ ಮೋಡ ಕವಿದಿದ್ದವು. ಮನೆಯಲ್ಲಿ ಹೆಣವಿದ್ದರೂ ಬಂಡೆಪ್ಪ ಜೋಳ ಒಕ್ಕುವುದನ್ನು ನಿಲ್ಲಿಸಿರಲಿಲ್ಲ. ನಡುವಿನ ಮೇಟಿ ಕಂಬಕ್ಕೆ ಕಟ್ಟಿದ ಆರೆತ್ತಿನ ಸಾಲು, ಹಂತಿ, ತೆನೆ ತುಳಿಯುತ್ತ ಸುತ್ತುತ್ತಲೇ ಇತ್ತು. ಅಕ್ಕ ಸತ್ತಳೆಂದು ಎತ್ತು ನಿಲ್ಲುವುದುಂಟೆ?

"ಅಪ್ಪಾ, ನೆಟ್ಟಗ ದಾರಿ ಇಲ್ಲೇ ಅದಲ್ಲ?" ಮಗಳು ನೀಲಗಂಗಾ ಮುಂದೆ ಬಂದಳು. ಸೊಲ್ಲಾಪುರದಲ್ಲಿ ಮ್ಯಾಟ್ರಿಕ್ ಓದುತ್ತಿದ್ದವಳು ಬೆಳಗಿನ ಗಾಡಿಗೆ ಇಳಿದು ಬಂದಿದ್ದಳು.

"ಗಂಡ ಸತ್ತಾಕಿ ಹೆಣ ಕಣದಾಗ ಹಾದ್ರ ರಾಶಿ ಉಳೀತದೇನ, ಹುಚ್ಚಿ?"

"ಆ ಜ್ವಾಳ ಬಿತ್ತಿದಾಕಿ ಯಾರು? ಕಳೀ ತಗದಾಕಿ ಯಾರು? ಹೊಲಕ್ಕ ಬೇಕಾದಾಕಿ ಕಣಕ್ಕ ಬ್ಯಾಡಾದಳ?"

"ಸಾಲಿ ಕಲಿಸಿದ್ದು ತಪ್ಪಾತ ನೋಡು," ಹಿಂದೆ ಯಾರೋ ಗೊಣಗಿದರು.

*

ಹೋದ ವರ್ಷದ ಸುಗ್ಗಿ. ಮಾಳಿಗೆಯ ಮೇಲೆ ಗುರಮ್ಮ ಕೂತಿದ್ದಳು. ಹತ್ತೊಂಬತ್ತಕ್ಕೆ ವಿಧವೆಯಾದಾಗಿನಿಂದ ಒಕ್ಕುವ ದಿನಗಳಲ್ಲಿ ಅವಳ ಜಾಗ ಅದೇ. ನೀಲಗಂಗಾ ವಾಚನಾಲಯದಿಂದ ತಂದ ಮರಾಠಿ ಮಾಸಿಕವನ್ನು ಅವಳ ತೊಡೆಯ ಮೇಲೆ ಬಿಚ್ಚಿದಳು. ನೀಹಾರಿಕೆಯೊಂದರ ಛಾಯಾಚಿತ್ರ: ನಡುವೆ ಬೆಳಕಿನ ಅಡ್ಡಪಟ್ಟಿ, ಸುತ್ತ ಉಂಗುರ, ಅದರಾಚೆ ಬಿಚ್ಚಿಕೊಂಡ ಎರಡು ಸುರುಳಿ.

"ಅತ್ತೀ, ಇದೇನ ಹೇಳು?"

"ಕಣ."

"ಅಲ್ಲಬೇ, ಆಕಾಶದಾಗಿನ ಚಿಕ್ಕಿ! ಕೋಟಿ ಕೋಟಿ ಚಿಕ್ಕಿ."

"ಆಗಲೇಳು. ನಡಬರಕ ಇರೂದು ಹಂತಿ. ಅದು ತಿರಗಿದಂಗ ಎಲ್ಲಾ ಅಂಚಿಗೆ ಸರದು ಕೈಬಳಿಯಂಗ ದುಂಡನ ಬಳಿ ಆಗತದ. ಹೊಸಾ ಚಿಕ್ಕಿ ಆ ಬಳಿಯಾಗೇ ಕಾಳಿನಂಗ ಉದರತಿರಬೇಕು. ಅದಕ್ಕ ಅಲ್ಲಿ ಅಷ್ಟು ಬೆಳ್ಳಗ ಅದ."

"ಆ ಪಟ್ಟಿ ಏನ ಮಾಡತದ ಅಂತ ದೊಡ್ಡ ದೊಡ್ಡವರಿಗೇ ತಿಳಿದಿಲ್ಲಂತ. ನಿನಗ ಹ್ಯಾಂಗ ತಿಳೀತು?"

ಗುರಮ್ಮ ನಕ್ಕಳು. "ಮೂವತ್ತ ವರ್ಷ ಮ್ಯಾಲಿಂದ ನೋಡೀನವ. ಒಳಗ ತಿರಗೋರಿಗೆ ಎತ್ತಿನ ಬಾಲ ಅಷ್ಟೇ ಕಾಣತದ."

ಸೊಲ್ಲಾಪುರದ ಮಾಸ್ತರರಿಗೆ ನೀಲಗಂಗಾ ಇದನ್ನು ಹೇಳಿದ್ದಳು. "ಹಳ್ಳಿಯ ಮುದುಕಿ ಆಕಾಶ ಒಕ್ಕಿದಳೋ!" ಎಂದು ಅವರು ಹೊಟ್ಟೆ ಹಿಡಿದು ನಕ್ಕರು. ವರ್ಗವೆಲ್ಲ ನಕ್ಕಿತು. ನೀಲಗಂಗಾಳೂ ನಕ್ಕಿದ್ದಳು. ಊರಿಗೆ ಬಂದಾಗ "ಮಾಸ್ತರ ಏನಂದ್ರವ?" ಎಂದು ಅತ್ತೆ ಎರಡು ಸಲ ಕೇಳಿದಳು. ಇವಳು ಎರಡು ಸಲವೂ ಮಾತು ಮರೆಸಿದಳು.

*

ಮೂರನೆಯ ಸಲ ಕೇಳಲು ಅತ್ತೆ ಇರಲಿಲ್ಲ. ನೀಲಗಂಗಾ ಚಪ್ಪಲಿ ಬಿಟ್ಟಳು, ಸೀರೆ ಎತ್ತಿ ಕಟ್ಟಿದಳು, ದಾರಿ ತಡೆದು ನಿಂತ ಅಪ್ಪನ ಪಕ್ಕದಲ್ಲೇ ಹಾದು ಕಣದೊಳಗೆ ಕಾಲಿಟ್ಟಳು.

"ಕಲ್ಲಣ್ಣಕಾಕಾ, ಬರ್ರಿ."

ವಿಮಾನದ ಮುಂದಿನ ಬಿದಿರು ಹೊತ್ತ ಕಲ್ಲಣ್ಣ ಗುರಮ್ಮನ ಜೊತೆ ಅದೇ ಹೊಲದಲ್ಲಿ ದುಡಿದು ಮುದುಕನಾದವನು. ಅವನು ಬಂಡೆಪ್ಪನ ಮುಖ ನೋಡಿದ, ಹಳ್ಳದ ಕಡೆ ನೋಡಿದ.

"ಗೌಡ್ರ, ಹಳ್ಳದಾಗ ಜಾಲಿಮುಳ್ಳ ಭಾಳ ಅವರಿ. ಕಾಲು ನನ್ನವು."

"ಕಲ್ಯಾ! ನಾಳಿಂದ ನನ್ನ ಹೊಲದಾಗ ಕಾಲಿಟ್ಟೀದಿ..."

"ನಾಳಿಂದು ನಾಳಿಗಿ ನೋಡೂನ್ರಿ."

ಅವನು ನಡೆದ. ಉಳಿದ ಮೂವರು ಬರಲೇಬೇಕಾಯಿತು. ಹಂತಿ ಮಾತ್ರ ನಿಲ್ಲಲಿಲ್ಲ. ಯಾರು ಬಂದರೂ ನಿಲ್ಲಿಸಬೇಡವೆಂದು ಬಂಡೆಪ್ಪನೇ ಆಳಿಗೆ ಹೇಳಿದ್ದ. ಸಾಲನ್ನು ಅಡ್ಡ ಹಾಯಲಾಗದೆ ನಾಲ್ವರೂ ಎತ್ತುಗಳ ಹಿಂದೆ ಹೆಜ್ಜೆ ಹಾಕಿದರು. ಹಣೆತುಂಬ ವಿಭೂತಿಯ ಗುರಮ್ಮ ಮೇಟಿಯ ಸುತ್ತ ತೂಗುತ್ತ ಹೊರಟಳು. ಹೊತ್ತವರ ಕಾಲಡಿ ತೆನೆ ಒಡೆದು ಕಾಳು ಚಿಮ್ಮಿದವು.

ಕಣದಿಂದ ಆಚೆಯ ಹೊಲಕ್ಕೆ ಇಳಿಯುವ ಬಾಯಿ ಬಂತು. ಕುಣಿ ಕಾಣಿಸಿತು.

ಕಲ್ಲಣ್ಣ ಅತ್ತ ಹೊರಳಲಿಲ್ಲ. ಹೆಗಲು ಬದಲಿಸಿಕೊಂಡು, ಎತ್ತುಗಳ ಹಿಂದೆ ಎರಡನೆಯ ಸುತ್ತಿಗೆ ನಡೆದ.