ಅತಿಥಿಯ ಮುಂದೆ ಆಡಬಾರದ ಮಾತು

ಲೋಗರ್ ಕಣಿವೆಯ ಠಾಣೆಗೆ ತಿಂಗಳಿಗೊಮ್ಮೆ ವಿದೇಶಿ ಮೇಜರ್ ಬರುತ್ತಿದ್ದ. ಅಲ್ಲಿನ ಅಫ್ಘನ್ ತುಕಡಿ ಎಷ್ಟು ಬಲಿತಿದೆ ಎಂದು ಅಳೆಯುವುದು ಅವನ ಕೆಲಸ. ಕೈಯಲ್ಲೊಂದು ಪಟ್ಟಿ, ಜೊತೆಗೆ ಕೆಂಪು, ಹಳದಿ, ಹಸಿರು ಪೆನ್ಸಿಲು. ಪಟ್ಟಿಯೆಲ್ಲ ಹಸಿರಾದರೆ ತುಕಡಿ ತನ್ನ ಕಾಲ ಮೇಲೆ ನಿಂತಿದೆ ಎಂದರ್ಥ. ಆಮೇಲೆ ಗಾಯಾಳುಗಳನ್ನು ಒಯ್ಯಲು ವಿದೇಶಿಯರ ಹೆಲಿಕಾಪ್ಟರ್ ಬರುವುದಿಲ್ಲ.

ಕಮಾಂಡರ್ ತೋರ್ಯಾಲೈಗೆ ಇದು ತಡವಾಗಿ ತಿಳಿಯಿತು. ಏನಾದರೂ ಕೊರತೆ ಇದೆಯೇ ಎಂದು ಮೇಜರ್ ಕೇಳಿದಾಗಲೆಲ್ಲ ಅವನು ಎದೆಗೆ ಕೈಯಿಟ್ಟು "ದೇವರ ದಯೆ, ಏನೂ ಕಡಿಮೆ ಇಲ್ಲ" ಎನ್ನುತ್ತಿದ್ದ. ಬಂದ ಅತಿಥಿಯ ಮುಂದೆ ಯಾರಾದರೂ ಬಡತನ ತೋಡಿಕೊಳ್ಳುತ್ತಾರೆಯೇ? ಪುಣ್ಯಾತ್ಮ ಮೇಜರ್ ಅದನ್ನೇ ನಂಬಿ ಹಸಿರು ಬಳಿಯುತ್ತಾ ಹೋದ. ಈಗ ಪಟ್ಟಿಯಲ್ಲಿ ಹಸಿರಾಗದೆ ಉಳಿದಿದ್ದು ಚಿಕಿತ್ಸೆಯ ಚೌಕ ಒಂದೇ.

"ಇವತ್ತೊಂದಿನ ಮಾನ ಮರ್ಯಾದೆ ಪಕ್ಕಕ್ಕಿಡಿ, ಸಾಹೇಬ್ರೇ," ಎಂದು ಔಷಧಿ ನೋಡಿಕೊಳ್ಳುವ ನಸೀಮ್ ಬೆಳಿಗ್ಗೆಯೇ ಅಂಗಲಾಚಿದ್ದ. "ಹೊಟ್ಟೆಗೆ ಗುಂಡು ಬಿದ್ದೋನಿಗೆ ಹತ್ತಿ ಒತ್ಕೊಂಡು ಕೂತಿರ್ಲಾ?"

ಚಹಾ ಬಂತು. ನಲವತ್ತೊಂದು ಜನ ಸಿಪಾಯಿಗಳು ಸುತ್ತ ಕೂತಿದ್ದರು. ಮೇಜರ್ ಎಂದಿನ ಪ್ರಶ್ನೆ ಕೇಳಿದ, ದುಭಾಷಿ ಅದನ್ನು ಹೇಳಿದ.

ತೋರ್ಯಾಲೈಯ ಕಿವಿ ಬಿಸಿಯಾಯಿತು. "ನಮ್ಮ ಹತ್ರ ಏನೂ ಇಲ್ಲ. ಔಷಧಿ ಇಲ್ಲ, ಡಾಕ್ಟರಿಲ್ಲ. ನಿಮ್ಮ ಹೆಲಿಕಾಪ್ಟರ್ ಬರದಿದ್ರೆ ನನ್ನ ಹುಡುಗ್ರು ಸಾಯ್ತಾರೆ."

ಎಲ್ಲರೂ ತಲೆ ತಗ್ಗಿಸಿದರು. ಹಳೆಯ ಸಾರ್ಜೆಂಟ್ ಸರ್ಬುಲಂದ್ ಕಾಕಾನಿಗೆ ಮಾತ್ರ ತಡೆಯಲಾಗಲಿಲ್ಲ. ತನ್ನ ಕಮಾಂಡರ್ ಪರರ ಮುಂದೆ ಕೈಚಾಚುವುದನ್ನು ಅವನು ನೋಡಿಯೇ ಇರಲಿಲ್ಲ. "ನಮ್ಮ ಸಾಹೇಬ್ರದ್ದು ದೊಡ್ಡ ಗುಣ, ಬರೀ ವಿನಯಕ್ಕೆ ಹಾಗಂತಾರೆ," ಎಂದು ನಕ್ಕ. "ಎಲ್ಲಾ ತುಂಬಿದೆ. ಏನ್ರೋ?"

"ಹೌದು ಹೌದು!" ಎಂದರು ಎಲ್ಲರೂ, ಪ್ರೀತಿಯಿಂದ.

ಮೇಜರ್ ನಕ್ಕು ಹಸಿರು ಪೆನ್ಸಿಲು ಎತ್ತಿಕೊಂಡ.

"ಕಾಕಾ ಸುಳ್ಳು ಹೇಳ್ತಿದ್ದಾನೆ," ಎಂದ ತೋರ್ಯಾಲೈ. "ಇವ್ರೆಲ್ಲಾ ಸುಳ್ಳುಗಾರರು. ಬನ್ನಿ, ತೋರಿಸ್ತೀನಿ."

ಔಷಧಿ ಕೋಣೆಯಲ್ಲಿ ಮೇಜರ್ ಖಾಲಿ ಕಪಾಟುಗಳನ್ನು ಒಂದೊಂದಾಗಿ ತೆರೆದು ನೋಡಿದ. ಕೊನೆಗೆ ಕೆಂಪು ಬಳಿದ.

ಅತಿಥಿ ಹೋದ ಮೇಲೆ ಊಟಕ್ಕೆ ಹಾಸು ಹಾಸಿದರು. ಸರ್ಬುಲಂದ್ ತನ್ನ ರೊಟ್ಟಿ ತೆಗೆದುಕೊಂಡು ದೂರದ ಗೋಡೆಯ ಬಳಿ ಹೋಗಿ, ಬೆನ್ನು ಹಾಕಿ ಕೂತ. ಒಬ್ಬೊಬ್ಬರಾಗಿ ಎಲ್ಲರೂ ಅವನ ಹಿಂದೆ ಹೋಗಿ ಹಾಗೆಯೇ ಕೂತರು. ನಸೀಮ್ ಕೂಡ, ತಲೆ ತಗ್ಗಿಸಿಕೊಂಡು.

ತೋರ್ಯಾಲೈ ಒಬ್ಬನೇ ರೊಟ್ಟಿ ಮುರಿದ. ಕಣ್ಣು ತುಂಬಿತ್ತು. ಕೂತಲ್ಲಿಂದಲೇ ಆ ಬೆನ್ನುಗಳನ್ನು ಎಣಿಸಿದ. ನಲವತ್ತೊಂದು. ಒಂದೂ ಕಡಿಮೆ ಇರಲಿಲ್ಲ.