ಹಳೇ ಕೋರ್ಟಿನ ಮುಂದೆ ಬಸಯ್ಯ

ಸದ್ದೇ ಇಲ್ಲ — ಇಷ್ಟು ದೊಡ್ಡ ಕಟ್ಟಡ, ಜೂನ್ ತಿಂಗಳ ಬೆಳಗಿನ ಎಂಟೂವರೆ, ಬಿಸಿಲು ಆಗಲೇ ಕಾದ ಹಂಚಿನ ಹಾಗೆ ನೆತ್ತಿಯ ಮೇಲೆ ಕೂತಿದೆ, ಆದರೂ ಒಂದೇ ಒಂದು ಕಂಪ್ರೆಸರ್ ಗುರ್ ಅನ್ನುತ್ತಿಲ್ಲ, ಗೋಡೆಯ ಬುಡದ ಪೈಪಿನಿಂದ ಒಂದು ಹನಿ ನೀರು ಬೀಳುತ್ತಿಲ್ಲ, ಸತ್ತ ಎಮ್ಮೆಯ ಹಾಗೆ ಬಿದ್ದುಕೊಂಡಿದೆ ಕೋರ್ಟು, ಬಸಯ್ಯ ಗೇಟಿನ ಸರಳು ಹಿಡಿದ, ಸರಳು ಸುಟ್ಟಿತು, ಬಿಟ್ಟ, ಮತ್ತೆ ಹಿಡಿದ. ಹತ್ತೊಂಬತ್ತು ವರ್ಷ ಈ ಅರಬ್ಬರ ದೇಶದಲ್ಲಿ ಎಸಿ ಕೂರಿಸಿ, ಇಳಿಸಿ, ಗ್ಯಾಸ್ ತುಂಬಿ ಬದುಕಿದವನಿಗೆ ಕಟ್ಟಡ ಬದುಕಿದೆಯೋ ಇಲ್ಲವೋ ಕಿವಿಯೇ ಹೇಳುತ್ತದೆ, ಬೋರ್ಡು ಓದಬೇಕಾಗಿಲ್ಲ, ಬೋರ್ಡೂ ಇಲ್ಲ, ಅದು ಇದ್ದ ಜಾಗದಲ್ಲಿ ಬಣ್ಣ ಮಾಸದ ಉದ್ದನೆಯ ಪಟ್ಟಿ ಉಳಿದಿದೆ, ಅಷ್ಟೆ. ಒಂಬತ್ತಕ್ಕೆ ಹೆಸರು ಕರೆಯುತ್ತಾರೆ. ಒಂಬತ್ತಕ್ಕೆ ಮೊದಲೇ ಒಳಗೆ ಕೂತಿರಬೇಕು ಬಸಯ್ಯಣ್ಣ, ಜಡ್ಜರು ನಮಗಾಗಿ ಕಾಯ್ಲಿಕ್ಕಿಲ್ಲ, ಎಂದು ವಿಕ್ಟರ್ ನಿನ್ನೆ ಮೂರು ಸಲ ಹೇಳಿದ್ದ, ವಕೀಲರ ಆಫೀಸಿನ ವಿಕ್ಟರ್, ಮಂಗಳೂರಿನವನು, ಅರಬ್ಬಿಗೆ ತರ್ಜುಮೆ ಮಾಡುವವನು, ಲೊಕೇಶನ್ ಕಳಿಸಿದ್ದೇನೆ ನೋಡಿ ಅಂದಿದ್ದ, ನನಗ ಲೊಕೇಶನ್ ಗಿಕೇಶನ್ ಬ್ಯಾಡೋ, ನಾ ಈ ದೇಶಕ್ಕ ಬಂದಾಗ ನೀ ಚಡ್ಡಿ ಹಾಕ್ಕೋಂತಿದ್ದಿ, ಎಂದು ಬಸಯ್ಯ ಫೋನಿನಲ್ಲೇ ಗದರಿದ್ದ. ಈಗ ಗೇಟಿನ ಒಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಮುದುಕ ಕಾವಲುಗಾರ ಹಲ್ಲಿನ ಸಂದಿಯ ಖರ್ಜೂರ ತೆಗೆಯುತ್ತ, ಅದಾಲತ್ತು ಇಲ್ಲಿಂದ ಎದ್ದು ಹೋಗಿ ಎರಡು ವರ್ಷವಾಯಿತಲ್ಲ ಭಾಯಿ, ಬೌಷರ್ ಕಡೆ ಹೋಗು, ದೊಡ್ಡ ಗಾಜಿನ ಬಿಲ್ಡಿಂಗು ಎಂದು ಕೈ ಬೀಸಿದ, ನೊಣ ಹೊಡೆದ ಹಾಗೆ. ಗಾಜಿನ ಬಿಲ್ಡಿಂಗು. ಇವರಪ್ಪನ, ಕೋರ್ಟನ್ನು ಕುರಿಹಟ್ಟಿಯ ಹಾಗೆ ಅತ್ತ ಇತ್ತ ಎತ್ತಿಡುತ್ತಾರೆ, ಇಲ್ಲಿಗೆ ಕರೆತಂದ ಟ್ಯಾಕ್ಸಿಯವನಾದರೂ ಬಾಯಿ ಬಿಟ್ಟು ಹೇಳಬಾರದಿತ್ತೇ — ಇಲ್ಲ, ಹೇಳಿದ್ದ, ಹಳೇದಾ ಹೊಸದಾ ಅಂತ ಕೇಳಿದ್ದ, ಕೋರ್ಟ್ ಅಂದರೆ ಕೋರ್ಟ್, ಯಲ್ಲಾ, ನಡಿ, ಎಂದು ತಾನೇ ಕಿರುಚಿದ್ದು, ಅವನು ಕನ್ನಡಿಯಲ್ಲಿ ಒಮ್ಮೆ ನೋಡಿ ಗಾಡಿ ಬಿಟ್ಟ, ಇಲ್ಲಿ ಇಳಿಸಿ ಹೊರಟೇ ಹೋದ, ರಸ್ತೆಯಲ್ಲಿ ಈಗ ಅವನ ಧೂಳೂ ಇಲ್ಲ.

ಹೇಳಬೇಕಾದ್ದು ಒಂದೇ ಮಾತು. ಗಂಟು ನಾನು ಕಟ್ಟಿದ್ದು. ವಿಕ್ಟರ್ ಹೇಳಿಕೊಟ್ಟದ್ದೂ ಅಷ್ಟೇ, ಕತೆ ಬೇಡ, ಸಿಟ್ಟು ಬೇಡ, ಜಡ್ಜರು ಕೇಳಿದ್ದಕ್ಕೆ ಇದೊಂದೇ ಮಾತು, ಉಳಿದದ್ದು ನನಗೆ ಬಿಡಿ. ಆ ಒಂದು ಮಾತಿನ ಮೇಲೆ ಯೂಸುಫ್ ಕೂತಿದ್ದಾನೆ, ಮೂರು ತಿಂಗಳಿಂದ ಜೈಲಿನೊಳಗಿದ್ದಾನೆ, ಹದಿನೈದು ವರ್ಷ ಜೊತೆಯಲ್ಲಿ ಏಣಿ ಹತ್ತಿದ ಯೂಸುಫ್ ಬ್ಯಾರಿ, ಉಳ್ಳಾಲದವನು, ಟೀಮಿನ ಹಿರಿಯ, ಕೆಲಸದ ಕಾಗದದ ಮೇಲೆ ಅವನದೇ ಸಹಿ. ಹೊಸ ಹಗ್ಗ ತುಂಡು ಮಾಡಿದರೆ ಮೊದಲು ಎರಡೂ ತುದಿ ಸುಡಬೇಕು, ಇದು ಯೂಸುಫನ ಕಾನೂನು, ಬೀಡಿ ಸಿಗರೇಟು ಮುಟ್ಟದ ಮನುಷ್ಯ ಇದೊಂದಕ್ಕೇ ಲೈಟರ್ ಇಟ್ಟುಕೊಳ್ಳುತ್ತಿದ್ದ, ನೈಲಾನು ಚುರುಗುಟ್ಟಿ ಕರಗಿ ತುದಿಯಲ್ಲಿ ಕರೀ ಮಣಿಯಾಗಿ ಗಟ್ಟಿಯಾಗುವವರೆಗೆ ಯಾರೂ ಗಂಟಿಗೆ ಕೈ ಹಾಕುವಂತಿಲ್ಲ, ಸುಡದ ತುದಿ ಬಿಚ್ತದೆ ಮಾರಾಯ, ಎಳೆ ಬಿಚ್ಚಿದ್ರೆ ಗಂಟು ಜಾರ್ತದೆ, ಕೆಳಗೆ ಮನುಷ್ಯರಿರ್ತಾರೆ. ಮೂರು ತಿಂಗಳ ಹಿಂದಿನ ಆ ದಿನ, ಒಂದು ವಿಲ್ಲಾದ ತಾರಸಿಯ ಮೇಲೆ ಹೊಸ ಹಗ್ಗ ತುಂಡು ಮಾಡಿ ನೋಡಿದರೆ ಲೈಟರು ಪಿಕಪ್ಪಿನಲ್ಲಿ ಉಳಿದಿತ್ತು. ಒಂದು ನಿಮಿಷ ನಿಲ್ಲು ಬಸಯ್ಯ, ತರ್ತೇನೆ, ಎಂದು ಯೂಸುಫ್ ಮೆಟ್ಟಿಲಿಳಿದ, ಮಂಡಿ ನೋವಿನವನು, ಒಂದೊಂದೇ ಮೆಟ್ಟಿಲು, ಕೆಳಗೆ ವಿಲ್ಲಾದ ಯಜಮಾನ ಬೆಳಗಿನಿಂದ ಹದಿನಾರನೇ ಸಲ ಇನ್ನೂ ಆಗಲಿಲ್ಲವಾ ಅಂತ ಕೂಗುತ್ತಿದ್ದಾನೆ, ತಾರಸಿಯ ಮೇಲೆ ಚಪ್ಪಲಿ ಅಂಟುವ ಬಿಸಿ, ಬಸಯ್ಯನ ತಲೆ ಕುದಿಯಿತು, ಇದೇನು ಹಗ್ಗಕ್ಕ ಲಗ್ನ ಮಾಡೂದೈತೇನು ಮುಹೂರ್ತ ನೋಡಾಕ, ಎಂದು ತನಗೆ ತಾನೇ ಬೈದುಕೊಂಡು ಹಳೇ ಎಸಿ ಯೂನಿಟ್ಟಿಗೆ ಹಗ್ಗ ಸುತ್ತಿದ, ಗಂಟು ಹಾಕಿದ, ನೀರಿನ ಟ್ಯಾಂಕಿನ ಕಂಬಕ್ಕೆ ಒಂದು ಸುತ್ತು ಕೊಟ್ಟು ಮೋಟುಗೋಡೆಯಾಚೆ ಇಳಿಬಿಟ್ಟ, ಒಂದು ಮಾರು ಇಳಿಯಿತು, ಎರಡು ಮಾರು, ಆಮೇಲೆ ಕೈಯಲ್ಲಿ ಭಾರವೇ ಇಲ್ಲ. ಭಾರವೇ ಇಲ್ಲ — ಹಗ್ಗ ಸರ್ರನೆ ಮೇಲೆ ಬಂದು ಎದೆಗೆ ಬಡಿಯಿತು, ಹಳದಿ ಹಗ್ಗ, ಅದರ ತುದಿ ಮುದುಕಿಯ ಕೂದಲಿನ ಹಾಗೆ ಎಳೆ ಎಳೆಯಾಗಿ ಬಿಚ್ಚಿಕೊಂಡಿತ್ತು. ಕೆಳಗೆ ಗಿಡಕ್ಕೆ ನೀರು ಬಿಡುತ್ತಿದ್ದ ಬಂಗಾಳಿ ಮಾಲಿಯ ಮೇಲೆ ಯೂನಿಟ್ಟು ಬಿದ್ದಿತ್ತು, ಅವನ ಕೈಯಿಂದ ಜಾರಿದ ಪೈಪು ಹಾವಿನ ಹಾಗೆ ತಾನೇ ಕುಣಿಯುತ್ತಿತ್ತು. ನಾಲ್ಕನೇ ದಿನ ಆಸ್ಪತ್ರೆಯಲ್ಲಿ ಅವನು ಸತ್ತ. ಯೂನಿಟ್ಟು ಬಿದ್ದ ದಿನವೇ ಪೊಲೀಸರು ಬಂದು ಇದು ಯಾರ ಕೆಲಸ ಎಂದಾಗ, ಕೆಲಸ ನನ್ನದು ಎಂದು ಯೂಸುಫ್ ಮುಂದೆ ಬಂದ, ಕೈಯಲ್ಲಿ ಆಗಷ್ಟೇ ತಂದ ಲೈಟರ್ ಇತ್ತು, ಬಸಯ್ಯ ನೀರಿನ ಟ್ಯಾಂಕಿಗೆ ಒರಗಿ ನಿಂತಿದ್ದ, ಊರಿಗೇ ಕೇಳುವ ಹಾಗೆ ಅರಚುವ ಬಸಯ್ಯ, ನಾನು ಎಂಬ ಒಂದು ಶಬ್ದ ಅವನ ಬಾಯಿಂದ ಹೊರಡಲಿಲ್ಲ.

ಎಂಟು ನಲವತ್ತು. ಟ್ಯಾಕ್ಸಿ ಸಿಕ್ಕರೆ ಇಪ್ಪತ್ತು ನಿಮಿಷ, ಸಿಕ್ಕರೆ, ಇನ್ನೂ ಹೋಗಬಹುದು, ಕಾಲು ಮಾತ್ರ ಗೇಟು ಬಿಟ್ಟು ಕದಲುತ್ತಿಲ್ಲ. ಶಾಲೆಯಲ್ಲಿ ಕುಡಿಯುವ ನೀರಿನ ಹರವಿ ಒಡೆದಾಗ ಮಾಸ್ತರರು ಯಾರಲೇ ಒಡದಾಂವ ಎಂದು ಕೇಳುವ ಮೊದಲೇ, ನಾನ ರೀ, ಎಂದು ಎದ್ದು ನಿಂತ ಹುಡುಗ ಇವನೇ, ಅಂಗೈ ಬಾವು ಬರುವಷ್ಟು ಹೊಡೆಸಿಕೊಂಡು ಇನ್ನೊಂದು ಕೈ ಚಾಚಿದವನು, ಏಳನೇ ಇಯತ್ತೆಗೆ ಶಾಲೆ ಬಿಟ್ಟರೂ ಸುಳ್ಳು ಅನ್ನುವುದನ್ನು ಕಲಿಯದೇ ಬಿಟ್ಟವನು, ಹಾಗಂತ ಎಷ್ಟು ಜನರ ಮುಂದೆ ಎದೆ ತಟ್ಟಿಕೊಂಡಿಲ್ಲ. ಸೈನಬಕ್ಕನ ಮುಂದೆಯೂ ತಟ್ಟಿಕೊಂಡಿದ್ದ. ಯೂಸುಫನ ಹೆಂಡತಿ, ಸೀಬ್ ಊರಿನ ಎರಡು ಕೋಣೆಯ ಮನೆ, ಆ ಅಡಿಗೆಮನೆಯಲ್ಲಿ ಒಂದು ಸಣ್ಣ ಕುಕ್ಕರು ಮೇಲಿನ ಕಟ್ಟೆಯ ಮೇಲೆ ಬೇರೆಯೇ ಇರುತ್ತದೆ, ಅದಕ್ಕೆ ಮೀನು ಮಾಂಸ ಸೋಕಿಲ್ಲ, ಅದು ಬಸಯ್ಯಣ್ಣನ ಕುಕ್ಕರು, ಲಿಂಗ ಕಟ್ಟಿದವನಿಗೆಂದು ಹದಿನೈದು ವರ್ಷದಿಂದ ಬೇಳೆ ಬೇಯಿಸಿದ ಕುಕ್ಕರು, ಅದರ ಗ್ಯಾಸ್ಕೆಟ್ಟು ಹರಿದಾಗ ಆಕೆ ಹೊಸದು ತಂದಳೇ ಹೊರತು ಇನ್ನೊಂದರಲ್ಲಿ ಮಾಡಲಿಲ್ಲ. ಹೋದ ವಾರ ಅದರಲ್ಲೇ ಮಾಡಿ ಬಡಿಸಿದಳು, ಸೆರಗಿನಿಂದ ಮೂಗು ಒತ್ತಿಕೊಂಡು, ಅವರು ನಿಮ್ಮ ಹೆಸರು ಹೇಳ್ಲಿಕ್ಕಿಲ್ಲ ಬಸಯ್ಯಣ್ಣ, ನನಗೆ ಗೊತ್ತುಂಟು, ನೀವೇ ಹೇಳ್ಬೇಕು, ಎಂದಳು, ಬಸಯ್ಯ ಅಂಗಿಯ ಮೇಲಿಂದಲೇ ಲಿಂಗದ ಕರಡಿಗೆ ಮುಟ್ಟಿಕೊಂಡು, ಹೇಳ್ತೇನ್ರೀ ಅಕ್ಕಾ, ಇದರ ಮ್ಯಾಲ ಆಣಿ, ಎಂದು ಅನ್ನ ಕಲಸಿದ. ನಿನ್ನೆ ಸಂಜೆ ಊರಿನಿಂದ ಸುವರ್ಣಾ ಫೋನು, ನೀವು ಹೇಳಬ್ಯಾಡ್ರಿ ಅಂತ ನಾ ಅನ್ನೂದಿಲ್ಲ, ಆದ್ರ — ಆ ಆದ್ರ ಅನ್ನುವುದರ ಮುಂದೆ ಹೆಂಡತಿಯ ಉಸಿರು ಮಾತ್ರ ಕೇಳಿಸಿತು, ರಾತ್ರಿಯಿಡೀ ಕಿವಿಯಲ್ಲಿ ಅದೇ ಉಸಿರು, ಹೇಳಿದ ಮೇಲೆ ಇವನು ಒಳಗೆ, ಯೂಸುಫ್ ಹೊರಗೆ, ಎಷ್ಟು ವರ್ಷವೋ, ಐವತ್ತೆರಡನೇ ವಯಸ್ಸಿಗೆ. ಹಾಳಾಗಲಿ, ಹೋಗಬೇಕು, ಎಂದು ಗೇಟಿನಿಂದ ತಿರುಗಿದವನ ಕಣ್ಣು ಎರಡನೇ ಮಹಡಿಯ ಕಿಟಕಿಯ ಪಕ್ಕದ ಗೋಡೆಗೆ ತಾಗಿತು, ನಾಲ್ಕು ತೂತು, ಬೋಲ್ಟು ಕಿತ್ತ ನಾಲ್ಕು ತೂತು, ಅವುಗಳ ಪಕ್ಕದಲ್ಲಿ ಕಪ್ಪು ಮಾರ್ಕರಿನಲ್ಲಿ ಕನ್ನಡದ ಏಳು. ಕನ್ನಡದ ಏಳು. ಈ ದೇಶದಲ್ಲಿ ಗೋಡೆಯ ಮೇಲೆ ಕನ್ನಡದ ಅಂಕಿ ಬರೆಯುವವನು ಇನ್ನಾರು, ಇಳಿಸಿದ ಯೂನಿಟ್ಟಿಗೂ ತೂತಿಗೂ ಒಂದೇ ಅಂಕಿ ಹಾಕುವ ಚಟ ಯಾರದು.

ತನ್ನದೇ ಕೈಬರಹ. ಎರಡು ವರ್ಷದ ಹಿಂದಿನ ಬೇಸಿಗೆ, ಕೋರ್ಟು ಹೊರಡುತ್ತದೆ, ಎಸಿ ಎಲ್ಲ ಇಳಿಸಿ ಎಂದು ಕಾಂಟ್ರ್ಯಾಕ್ಟು ಬಂದಿತ್ತು, ಹನ್ನೊಂದು ದಿನ, ನಲವತ್ತಾರು ಯೂನಿಟ್ಟು, ಒಂದೊಂದೂ ಕರೀ ಮಣಿಯ ತುದಿಯ ಹಗ್ಗದಲ್ಲಿ ಇಳಿದಿತ್ತು, ಒಂದಕ್ಕೂ ಗೀರು ಬಿದ್ದಿರಲಿಲ್ಲ, ಕೊನೆಗೆ ಇಳಿದದ್ದು ಜಡ್ಜರ ಕೋಣೆಯ ಈ ಏಳನೇ ನಂಬರಿನದು, ಅದು ನೆಲ ಮುಟ್ಟಿದ ಕ್ಷಣ ಇಡೀ ಕಟ್ಟಡ ಮೌನವಾಯಿತು, ಇದೇ ಮೌನ. ಯೂಸುಫ್ ನೆರಳಿನಲ್ಲಿ ಕೂತು ಮಂಡಿ ನೀವಿಕೊಳ್ಳುತ್ತ, ಕೋರ್ಟನ್ನೇ ಖಾಲಿ ಮಾಡಿಸಿದ್ದು ನಾವಿಬ್ರು ಮಾರಾಯ, ಊರಿಗೆ ಹೋಗಿ ಹೇಳು, ಎಂದು ನಕ್ಕ, ಇನ್ನು ನಿನ್ನ ತಲೆಗೊಂದು ಔಟ್‌ಡೋರ್ ಯೂನಿಟ್ ಕೂರಿಸಿದ್ರೆ ನನ್ನ ಕೆಲಸ ಮುಗೀತು. ಅದಕ್ಕೂ ಹಿಂದೆ ಸೂಕಿನ, ಹಳೇ ಪೇಟೆಯ ಹತ್ತಿರ ಕಡಲಿಗೆ ಮುಖ ಮಾಡಿದ ಒಂದಂತಸ್ತಿನ ಕೋರ್ಟು, ಅಲ್ಲಿ ಕಿಟಕಿ ಎಸಿ, ಅದೇ ಬಸಯ್ಯನ ಮೊದಲ ಕೆಲಸ, ಈಗ ಅದು ಕಾರ್ಪೆಟ್ಟಿನ ಗೋದಾಮು, ಮೂರನೆಯದು ಬೌಷರ್ ಕಡೆ, ಗಾಜಿನದು, ಅಲ್ಲಿ ಎಲ್ಲ ಚಿಲ್ಲರು, ಇಡೀ ಕಟ್ಟಡಕ್ಕೆ ಒಂದೇ ದೊಡ್ಡ ತಂಪಿನ ಯಂತ್ರ, ನಮ್ಮಂಥವರಿಗೆ ಕೆಲಸವಿಲ್ಲ ಎಂದು ಇಬ್ಬರೂ ಪಿಕಪ್ಪು ನಿಲ್ಲಿಸಿ ಅದನ್ನು ನೋಡಿ ಬಂದಿದ್ದರು, ಇಬ್ಬರೂ, ಕಾಫಿ ಕುಡಿಯುತ್ತ. ಗೊತ್ತಿತ್ತು. ಬಸಯ್ಯನಿಗೆ ಗೊತ್ತಿತ್ತು. ಹಳೇದಾ ಹೊಸದಾ ಎಂದು ಟ್ಯಾಕ್ಸಿಯವನು ಕೇಳಿದಾಗಲೂ, ವಿಕ್ಟರ್ ಲೊಕೇಶನ್ ಕಳಿಸಿದಾಗಲೂ, ಅದನ್ನು ಬೆರಳಿನಿಂದ ಒತ್ತದೆ ಬಿಟ್ಟಾಗಲೂ ಗೊತ್ತಿತ್ತು, ಅದಕ್ಕೇ ಅಷ್ಟು ಜೋರಾಗಿ ಕಿರುಚಿದ್ದು. ನಾನೇ ಎಸಿ ಇಳಿಸಿ ಕೊಂದ ಕಟ್ಟಡದ ಬಾಗಿಲಿಗೆ ಸಾಕ್ಷಿ ಹೇಳಲು ಬಂದಿದ್ದೇನೆ, ತುದಿ ಸುಡದೆ ಗಂಟು ಹಾಕಿದ ಕೈಯೇ ಇಲ್ಲಿಗೆ ಎಳೆದುಕೊಂಡು ಬಂದಿದೆ, ಹಳದಿ ಹಗ್ಗ, ಬಿಚ್ಚಿದ ಎಳೆ, ಅದನ್ನು ಪೊಲೀಸರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನಂಬರು ಅಂಟಿಸಿದ್ದಾರಂತೆ, ಈಗ ಜಡ್ಜರ ಮೇಜಿನ ಮೇಲಿರುತ್ತದೆ, ಯೂಸುಫನ ಕಣ್ಣೆದುರಿಗೆ.

ಓಡಿದ. ಚಪ್ಪಲಿಯೊಂದು ಜಾರಿತು, ಹಾಕಿಕೊಂಡ, ಓಡಿದ, ರಸ್ತೆಗೆ ಬಂದು ಎರಡೂ ಕೈ ಎತ್ತಿ ನಿಂತ, ಬಿಳೀ ಕಾರುಗಳು ಹಾರ್ನು ಹಾಕಿ ಪಕ್ಕಕ್ಕೆ ಸರಿದು ಹೋದವು, ಒಂದು, ಎರಡು, ನೀರಿನ ಟ್ಯಾಂಕರು, ಶಾಲೆಯ ಬಸ್ಸು, ನಿಲ್ಲಸ್ರಲೇ, ಯಾವ ಭಾಷೆಯಲ್ಲಿ ಕೂಗುತ್ತಿದ್ದೇನೆ ಎಂಬ ಎಚ್ಚರವೂ ಇಲ್ಲ, ಒಂಬತ್ತು ಆಯಿತು, ಒಂಬತ್ತು ದಾಟಿತು, ವಿಕ್ಟರಿಗೆ ಹಚ್ಚಿದರೆ ಸ್ವಿಚಾಫ್, ಒಳಗೆ ಫೋನು ಬಿಡುವುದಿಲ್ಲ, ಒಂಬತ್ತೂ ಹದಿನೆಂಟಕ್ಕೆ ಕಿತ್ತಳೆ ಪಟ್ಟಿಯ ಟ್ಯಾಕ್ಸಿಯೊಂದು ನಿಂತಿತು, ಬಾಗಿಲು ತೆಗೆದ, ಒಂದು ಕಾಲು ಒಳಗಿಟ್ಟ, ಹೊಸ ಕೋರ್ಟು, ಎಂದ, ಬಾಯಿಯಿಂದ ಆ ಮಾತು ಮೊದಲ ಸಲ ಹೊರಬಿತ್ತು, ಅಷ್ಟರಲ್ಲಿ ಜೇಬು ನಡುಗಿತು. ವಿಕ್ಟರ್. ಎಲ್ಲಿದ್ದೀರಿ ಬಸಯ್ಯಣ್ಣ. ಬರಾಕತ್ತೇನೋ, ಹತ್ತಿದೆ, ಹೊಂಟೆ, ಇಪ್ಪತ್ತು ನಿಮಿಷ ನಿಲ್ಸು, ಕೈ ಮುಗೀತೇನಿ, ಹೆಂಗಾರ ಮಾಡಿ ನಿಲ್ಸು. ಆಚೆಯಿಂದ ದೊಡ್ಡ ಹಾಲಿನಲ್ಲಿ ಜನ ನಡೆಯುವ ಸದ್ದು, ಚಿಲ್ಲರಿನ ಸಣ್ಣ ಗುಂಯ್. ಇನ್ನು ಬೇಡ, ಎಂದ ವಿಕ್ಟರ್, ನಿಮ್ಮ ಹೆಸರು ಎರಡು ಸಲ ಕರೆದ್ರು, ಎರಡು ಸಲವೂ ಯೂಸುಫ್ ಕಾಕ ತಿರುಗಿ ಬಾಗಿಲು ನೋಡಿದ್ರು, ಆಮೇಲೆ ಜಡ್ಜರು ಹಗ್ಗ ತೋರಿಸಿ ಗಂಟು ಕಟ್ಟಿದ್ದು ಯಾರು ಅಂತ ಕೇಳಿದ್ರು, ಕಾಕ ನಾನು ಅಂದ್ರು, ನಾನೇ ತರ್ಜುಮೆ ಮಾಡಿದ್ದು ಬಸಯ್ಯಣ್ಣ, ಬರ್ಕೊಂಡಾಯ್ತು, ಖಲಾಸ್, ಪೊಲೀಸ್ರು ಕರ್ಕೊಂಡು ಹೋಗುವಾಗ ಕಾಕ ನಿಮಗೆ ಹೇಳ್ಲಿಕ್ಕೆ ಹೇಳಿದ್ರು, ಬರೋದು ಬೇಡ ಅಂತೆ, ಬಿಸಿಲಂತೆ. ಟ್ಯಾಕ್ಸಿಯ ತಂಪು ಮಂಡಿಗೆ ಬಡಿಯುತ್ತಿದೆ, ಬೆನ್ನಿಗೆ ಬಿಸಿಲು, ಒಂದು ಕಾಲು ಒಳಗೆ, ಒಂದು ಕಾಲು ಡಾಂಬರಿನ ಮೇಲೆ, ಹೋಗೋಣವಾ ಬೇಡವಾ ಎಂದು ಡ್ರೈವರ್ ಎರಡನೇ ಸಲ ಕೇಳಿದ, ಮೂರನೇ ಸಲ ಕೇಳಿದ, ಬಸಯ್ಯನಿಗೆ ಕೇಳುತ್ತಿಲ್ಲ, ಹಗ್ಗ ಮೇಲೆ ಬರುತ್ತಿದೆ, ಭಾರವಿಲ್ಲದ ಹಗ್ಗ, ಹಳದಿ ಹಗ್ಗ, ಅದರ ತುದಿ, ಸುಡದ ತುದಿ, ಒಂದೊಂದೇ ಎಳೆ.