ತೋರಣಗಲ್ಲಿನಿಂದ ಹುಬ್ಬಳ್ಳಿಗೆ ಎಷ್ಟು ತಾಸು

ಕಮಲಾಪುರದ ಪಲ್ಲವಿ ಹೊಸಪೇಟೆಯ ಒಂದು ಟ್ರಾವೆಲ್ಸ್‌ನಲ್ಲಿ ಕಾರು ಓಡಿಸುತ್ತಿದ್ದಳು. ತೋರಣಗಲ್ಲಿನ ಪುಟ್ಟ ವಿಮಾನ ರದ್ದಾದ ದಿನ ಪ್ರಯಾಣಿಕರನ್ನು ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಮುಟ್ಟಿಸುವ ಗುತ್ತಿಗೆಯನ್ನು ವಿಮಾನ ಕಂಪನಿ ಆ ಆಫೀಸಿಗೆ ಕೊಟ್ಟಿತ್ತು. ದೂರ ಹೆಚ್ಚುಕಮ್ಮಿ ನೂರಾ ಎಂಬತ್ತು ಕಿಲೋಮೀಟರ್. ಮ್ಯಾನೇಜರ್ ಲಿಂಗರಾಜ್ ಗೋಡೆಯ ಬೋರ್ಡಿನಲ್ಲಿ ಬರೆಸಿದ್ದ ಸಮಯ ಎರಡೂಕಾಲು ಗಂಟೆ. ಪ್ರಯಾಣಿಕರಿಗೂ ಅದನ್ನೇ ಹೇಳುತ್ತಿದ್ದ. ಆ ಸಮಯಕ್ಕೆ ಮುಟ್ಟಲು ಹೋಗಿ ಡ್ರೈವರ್ ಹುಲುಗೇಶ್ ಗಾದಿಗನೂರಿನ ಹತ್ತಿರ ಅದಿರಿನ ಟಿಪ್ಪರ್‌ಗೆ ಗುದ್ದಿ ಕಾಲು ಮುರಿದುಕೊಂಡಿದ್ದ. ತಪ್ಪು ಅವನದೇ ಎಂದು ಆಫೀಸು ಕೈತೊಳೆದುಕೊಂಡಿತ್ತು.

"ಆ ಟೈಮು ಸುಳ್ಳೈತ್ರಿ. ಅಳಸ್ರಿ," ಎಂದಳು ಪಲ್ಲವಿ.

"ನಿನ್ ಕೈಲಿ ಆಗಲ್ಲಂದ್ರ ಹೇಳು, ಗಂಡಸ್ರನ್ನ ಕಳಸ್ತೀನಿ," ಎಂದ ಲಿಂಗರಾಜ್.

"ನೀವ ಬರ್ರಿ. ಬಾಜೂಕ ಕುಂತು ನೋಡ್ರಿ."

ಎಲ್ಲ ಡ್ರೈವರ್‌ಗಳ ಎದುರು ಅಂದ ಮಾತು. ಅವನು ಒಪ್ಪಲೇಬೇಕಾಯಿತು.

ಮರುವಾರವೇ ವಿಮಾನ ರದ್ದಾಯಿತು. ಸಂಡೂರಿನ ನಿವೃತ್ತ ನರ್ಸ್ ರೇಣುಕಾದೇವಿ ಮಗಳ ಬಾಣಂತನಕ್ಕೆ ಹೈದರಾಬಾದಿಗೆ ಹೊರಟಿದ್ದರು. ಹುಬ್ಬಳ್ಳಿಯ ಕೌಂಟರ್ ಹನ್ನೊಂದಕ್ಕೆ ಮುಚ್ಚುತ್ತದೆ. ಕಾರು ಹೊರಟಿದ್ದು ಎಂಟೂ ಹತ್ತಕ್ಕೆ.

ಕುರೆಕುಪ್ಪದ ಬಳಿಯೇ ಟಿಪ್ಪರ್‌ಗಳ ಸಾಲು. ಹೊಸಪೇಟೆ ದಾಟುವಾಗಲೇ ಒಂಬತ್ತಾಗಿತ್ತು. ಕೊಪ್ಪಳದಾಚೆ ಲಿಂಗರಾಜ್ ತಡೆಯಲಾರದೆ ಕೂಗಿದ: "ಜಲ್ದಿ ಹೊಡಿ! ಆ ಲಾರಿ ಸೈಡ್ ಹೊಡದು ಹೋಗು!"

ಪಲ್ಲವಿ ಕಾರನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿದಳು. ಕೀ ತೆಗೆದು ಅವನ ಅಂಗೈಯಲ್ಲಿಟ್ಟಳು. "ತಗೊಳ್ರಿ. ನೀವ ಹೊಡದು ತೋರಸ್ರಿ."

ಎದುರಿನಿಂದ ಬಸ್ಸೊಂದು ಹಾರನ್ ಬಾರಿಸುತ್ತ ನುಗ್ಗಿ ಹೋಯಿತು. ಲಿಂಗರಾಜ್ ಕೀ ವಾಪಸು ಕೊಟ್ಟ.

ಹಿಂದಿನ ಸೀಟಿನಿಂದ ರೇಣುಕಾದೇವಿ ಅಂದರು, "ನಾ ಏರಬೇಕಾಗಿರೋದು ವಿಮಾನ, ಆಂಬುಲೆನ್ಸ್ ಅಲ್ಲ. ನೀ ನಿನ್ನ ಹದದಾಗ ನಡಸಮ್ಮ."

ತಲುಪಿದಾಗ ಹನ್ನೊಂದೂ ಇಪ್ಪತ್ತೈದು. ಕೌಂಟರ್ ಮುಚ್ಚಿತ್ತು. ಪಲ್ಲವಿಯ ಮುಖ ಸಣ್ಣದಾಯಿತು. ಲಿಂಗರಾಜ್‌ಗೆ ಮಾತ್ರ ಗೆದ್ದಂತಾಗಿತ್ತು. "ನಿನ್ನಿಂದಾನ ಇವ್ರಿಗೆ ವಿಮಾನ ತಪ್ಪಿದ್ದು. ಹಂಗ ಬರೀತೀನಿ."

"ಎರಡೂಕಾಲು ತಾಸು ಅಂತ ಫೋನ್ನಾಗ ಹೇಳಿದ್ದು ಯಾರು?" ರೇಣುಕಾದೇವಿ ಅವನತ್ತ ತಿರುಗಿದರು. "ಖರೇ ಹೇಳಿದ್ರ ನಾ ಸಂಜಿ ವಿಮಾನ ಕೇಳಿ ಪಡಕಂತಿದ್ದೆ."

ಪಲ್ಲವಿ ಟ್ರಿಪ್‌ಶೀಟಿನಲ್ಲಿ ಹೊರಟ ಹೊತ್ತು, ಮುಟ್ಟಿದ ಹೊತ್ತು ಬರೆದಳು: ಮೂರೂಕಾಲು ಗಂಟೆ. ಲಿಂಗರಾಜ್ ಸಹಿ ಹಾಕಲಿಲ್ಲ. ರೇಣುಕಾದೇವಿ ಹಾಕಿದರು. ಸಂಜೆಯ ವಿಮಾನಕ್ಕೆ ಕಾಯುತ್ತ ಕುಳಿತು ವಿಮಾನ ಕಂಪನಿಗೆ ಎರಡು ಪುಟದ ಪತ್ರವನ್ನೂ ಬರೆದರು.

ಆಫೀಸಿನವರು ಪಲ್ಲವಿಯಿಂದ ವಿಮಾನ ನಿಲ್ದಾಣದ ಟ್ರಿಪ್ ಕಿತ್ತುಕೊಂಡು, ಅವಳನ್ನು ಕಂಪ್ಲಿಯ ರೈಸ್‌ಮಿಲ್ ಮಾಲೀಕರನ್ನು ತಿರುಗಿಸುವ ಕೆಲಸಕ್ಕೆ ಹಾಕಿದರು. ಅವಳು ಬಿಟ್ಟು ಹೋಗಲಿಲ್ಲ. ದಿನಾ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಒಬ್ಬೊಬ್ಬ ಡ್ರೈವರನನ್ನೂ ಹಿಡಿದು ಹೇಳಿದಳು: "ಅಂಜಬ್ಯಾಡ್ರಿ. ಎಷ್ಟಾತೋ ಅಷ್ಟ ಬರೀರಿ." ತಿಂಗಳು ತುಂಬುವಷ್ಟರಲ್ಲಿ ಆರು ಜನ ಬರೆದರು. ಮೂರು ಗಂಟೆಗಿಂತ ಕಡಿಮೆ ಒಂದೂ ಇರಲಿಲ್ಲ. ರೇಣುಕಾದೇವಿಯ ಪತ್ರ ನೋಡಿ ವಿಮಾನ ಕಂಪನಿಯವರು ಆ ಟ್ರಿಪ್‌ಶೀಟುಗಳನ್ನು ತರಿಸಿಕೊಂಡರು. ಬೋರ್ಡಿನ ಸಮಯವನ್ನು ಲಿಂಗರಾಜ್ ತನ್ನ ಕೈಯಾರೆ ಅಳಿಸಬೇಕಾಯಿತು.

ಪಲ್ಲವಿಗೆ ಮತ್ತೆ ತೋರಣಗಲ್ಲಿನ ಟ್ರಿಪ್ ಬಂತು. ಅವಸರದಲ್ಲಿದ್ದ ಪ್ರಯಾಣಿಕನೊಬ್ಬ ಬಾಗಿಲು ತೆಗೆಯುತ್ತಲೇ ಕೇಳಿದ, "ಎರಡು ತಾಸಿನಾಗ ಹುಬ್ಬಳ್ಳಿ ಮುಟ್ಟಸ್ತೀಯಾ?"

"ಇಲ್ರಿ," ಎಂದಳು ಪಲ್ಲವಿ. "ಮೂರೂಕಾಲು ಹಿಡಿತೈತಿ. ಒಪ್ಪಿಗಿದ್ರ ಕುಂದ್ರಿ."